ಸದರಿ ಇಲಿಗಳ ದುರಸ್ತಿ

ಸರ್ಕಾರಿ ಕಚೇರಿಯಲ್ಲಿ ಯಾರೂ ಹೊಸದಾಗಿ ಏನನ್ನೂ ಬರೆಯುವುದಿಲ್ಲ. ಹಿಂದಿನವರು ಬರೆದದ್ದರಲ್ಲಿ ಊರು, ತಾರೀಖು, ಹೆಸರು ಬದಲಿಸಿದರೆ ಹೊಸ ಪತ್ರ ಹುಟ್ಟುತ್ತದೆ. ಇಪ್ಪತ್ತೆರಡು ವರ್ಷ ಗುಮಾಸ್ತನಾಗಿದ್ದು ಈ ಗುಟ್ಟನ್ನು ಹೊಟ್ಟೆಯಲ್ಲೇ ಇಟ್ಟುಕೊಂಡಿದ್ದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಕೊಟ್ಟ ಮೊದಲ ರಜೆ ಅರ್ಜಿಯಲ್ಲಿ, ನನಗಿಂತ ಮುಂಚೆ ಆ ಕುರ್ಚಿಯಲ್ಲಿ ಕೂತು ನಿವೃತ್ತರಾದವರ ಮಂಡಿನೋವೇ ಇತ್ತು. ನನಗಾಗ ಇಪ್ಪತ್ತಾರು ವರ್ಷ, ಮಂಡಿ ಕಲ್ಲುಗುಂಡಿನ ಹಾಗಿತ್ತು. ಆದರೂ ರಜೆ ಸಿಕ್ಕಿತು. ಆವತ್ತಿನಿಂದ ಹಳೆಯ ಫೈಲುಗಳೆಂದರೆ ನನಗೆ ಭಕ್ತಿ. ಆ ಭಕ್ತಿ ಒಂದು ದಿನ ನನ್ನನ್ನು ವಿಜ್ಞಾನಿಗಳ ಎದುರು ತಂದು ನಿಲ್ಲಿಸುತ್ತದೆ ಎಂದು ಮಾತ್ರ ಅಂದುಕೊಂಡಿರಲಿಲ್ಲ.

ನನ್ನ ಹೆಸರು ರುದ್ರಣ್ಣ. ಕಡೂರು ಕಡೆಯ ಒಂದು ಆರೋಗ್ಯ ಕಚೇರಿಯಲ್ಲಿ ನನ್ನ ಕೆಲಸ. ಎರಡು ವರ್ಷದ ಹಿಂದೆ ನಮ್ಮಲ್ಲಿಗೆ ಡಾಕ್ಟರ್ ಶೈಲಜಾ ಮೇಡಂ ಬಂದರು. ಅವರಲ್ಲಿ ಒಂದೇ ದೋಷ: ಯಾವ ಕಾಗದ ಮುಂದಿಟ್ಟರೂ ಓದಿ, "ಯಾಕೆ?" ಅನ್ನುತ್ತಾರೆ. ಸಹಿ ಮಾಡುವ ಜಾಗ ತೋರಿಸಿದರೆ ಸಾಕೆಂದು ಬೆಳೆದ ನಮಗೆ ಇದು ಹೊಸ ಕಷ್ಟ. ಆ ವರ್ಷ ಮಳೆ ಮುಗಿಯುತ್ತಿದ್ದ ಹಾಗೆ ಸಿಂಗಟಗೆರೆ ಕಡೆಯಿಂದ, ಅತ್ತ ಶಿವನಿ ಕಡೆಯಿಂದ ಒಂದೇ ತರಹದ ಜ್ವರದವರು ಬರತೊಡಗಿದರು. ಎಲ್ಲರೂ ಮೀನಖಂಡ ಹಿಡಿದುಕೊಂಡು ಕುಂಟುತ್ತ ಬರುವವರೇ. ಕೆಲವರ ಕಣ್ಣು ಹಳದಿ. ಗಂಗಮ್ಮ ಎಂಬಾಕೆ ಕಾಮಾಲೆ ಇರಬೇಕೆಂದು ಹತ್ತು ದಿನ ನಾಟಿ ಔಷಧಿ ಕುಡಿದು, ಮೂತ್ರ ಕಟ್ಟಿದ ಮೇಲೆ ಬಂದಳು. ಶಿವಮೊಗ್ಗಕ್ಕೆ ಕಳಿಸಿದ್ದಾಯಿತು, ಹೇಗೋ ಉಳಿದಳು. ಮೊದಲೇ ಬಂದಿದ್ದರೆ ಮಾತ್ರೆಯಲ್ಲೇ ವಾಸಿಯಾಗುತ್ತಿತ್ತು ಎಂದು ಮೇಡಂ ವಾರಗಟ್ಟಲೆ ಕೊರಗಿದರು. ಅದು ಇಲಿ ಜ್ವರ ಎಂದು ಅವರಿಗೆ ಅನುಮಾನ. ಆದರೆ ಎಲ್ಲಿಂದ, ಯಾರಿಗೆ, ಹೇಗೆ ಅಂಟುತ್ತಿದೆ ಎಂದು ಪರೀಕ್ಷೆ ಮಾಡಿ ನೋಡದೆ ಹೇಳುವ ಹಾಗಿರಲಿಲ್ಲ.

ಅಷ್ಟರಲ್ಲಿ ಮೇಲಿನಿಂದ ಒಂದು ಸುತ್ತೋಲೆ ಬಂತು. ಸಾಂಕ್ರಾಮಿಕ ರೋಗಗಳ ಬಗ್ಗೆ ಸಂಶೋಧನೆ ಮಾಡಲು ತಾಲ್ಲೂಕುಗಳಿಂದಲೂ ಯೋಜನೆ ಕಳಿಸಬಹುದು, ಒಪ್ಪಿಗೆಯಾದರೆ ಅನುದಾನ ಕೊಡುತ್ತೇವೆ, ಕಡೆಯ ದಿನ ನಾಡಿದ್ದು. ಮೇಡಂ ವಿಜ್ಞಾನದ ಭಾಗವನ್ನು ಇಂಗ್ಲಿಷಿನಲ್ಲಿ ಬರೆಯಲು ಕೂತರು. ಕೆಲಸದ ಅವಶ್ಯಕತೆ, ವಿಧಾನ, ಖರ್ಚಿನ ವಿವರ ಇವಿಷ್ಟನ್ನು ಕನ್ನಡದಲ್ಲಿ ಬರೆಯುವುದು ನನ್ನ ಪಾಲಿಗೆ ಬಂತು.

ಮೊದಲ ತೊಡಕು ಇಲಿಯ ಊಟದ್ದು. ಪರೀಕ್ಷೆಗೆ ಇಲಿ ಬೇಕು, ಇಲಿಗೆ ಬೋನು ಬೇಕು, ಬೋನಿಗೆ ತಿಂಡಿ ಬೇಕು. ಒಣಗಿದ ಬ್ರೆಡ್ ಸಾಕು ಎಂದೆ. ನಮ್ಮ ಹೆಲ್ತ್ ಇನ್‌ಸ್ಪೆಕ್ಟರ್ ಪರಮೇಶ, ಅಜ್ಜಂಪುರದವನು, ಒಪ್ಪಲಿಲ್ಲ. ಈ ಕಡೆಯ ಇಲಿಗಳು ಕೊಬ್ಬರಿ ತಿಂದು ಬೆಳೆದವು, ಬ್ರೆಡ್ಡನ್ನು ಮೂಸಿಯೂ ನೋಡುವುದಿಲ್ಲ ಅಂದ. ಕೊಬ್ಬರಿಯನ್ನು ಯಾವ ಶೀರ್ಷಿಕೆಯಲ್ಲಿ ತೋರಿಸುವುದು? ನಮೂನೆಯಲ್ಲಿ ತಿನ್ನುವ ಪದಾರ್ಥಕ್ಕೆ ಇದ್ದದ್ದು ಒಂದೇ ಕಲಂ, 'ಭಾಗವಹಿಸಿದವರ ಉಪಾಹಾರ'. ಅದರಲ್ಲೇ ತೋರಿಸಿದೆ. ಆಡಿಟ್‌ನವರು ತಿಂದವರ ಸಹಿ ಕೇಳುತ್ತಾರಲ್ಲ ಎಂಬ ಚಿಂತೆ ಆಮೇಲೆ ಹತ್ತಿತು.

ಅವಶ್ಯಕತೆ ಮತ್ತು ವಿಧಾನಕ್ಕೆ ನಾನು ಎಂದಿನಂತೆ ಹಳೆಯ ಫೈಲು ಹುಡುಕಿದೆ. ಹಿಂದೆ ಒಂದು ಆಸ್ಪತ್ರೆಯ ಕಾಂಪೌಂಡ್ ಗೋಡೆಗೆ ನಾನೇ ಬರೆದಿದ್ದ ಪ್ರಸ್ತಾವನೆ ಸಿಕ್ಕಿತು. ಒಂದೇ ಒಂದು ಆಕ್ಷೇಪಣೆಯಿಲ್ಲದೆ ಪಾಸಾಗಿದ್ದ ಕಾಲ್ಗುಣದ ಫೈಲು ಅದು. ಕಂಪ್ಯೂಟರಿಗೆ 'ಗೋಡೆ' ಎಂದಿರುವ ಕಡೆಯೆಲ್ಲ 'ಇಲಿ' ಎಂದು ಮಾಡು ಅಂದೆ. ಕಣ್ಣು ಮಿಟುಕಿಸುವುದರೊಳಗೆ ಮಾಡಿತು. ನಮ್ಮ ಭಾಷೆಯ ಔದಾರ್ಯವೋ ಏನೋ, ಗೋಡೆಯನ್ನು ಇದ್ದದ್ದು ಇಲಿಯನ್ನು ಆಯಿತು, ಗೋಡೆಗಳಿಗೆ ಇದ್ದದ್ದು ಇಲಿಗಳಿಗೆ ಆಯಿತು, ಎಲ್ಲೂ ವ್ಯಾಕರಣ ಕೆಡಲಿಲ್ಲ. ಮೊದಲ ನಾಲ್ಕು ಸಾಲು ತಿದ್ದಿದೆ. ಉಳಿದದ್ದನ್ನು ತಿದ್ದಬೇಕು ಅನ್ನುವಷ್ಟರಲ್ಲಿ, ಕಳಿಸುವ ಗಡುವಿಗೆ ಅರ್ಧ ಗಂಟೆ ಮಾತ್ರ ಇದೆ ಎಂದು ಮೇಡಂ ಬಂದರು. ಜೀವಮಾನದಲ್ಲಿ ಮೊದಲ ಸಲ ಓದದೆ ಸಹಿ ಮಾಡಿದರು. ನನ್ನ ಮೇಲೆ ಅಷ್ಟು ನಂಬಿಕೆ. ನಾನು ಮನೆಗೆ ಹೋಗಿ, ಸಂಶೋಧನೆ ಬರೆದು ಸುಸ್ತಾಗಿದೆ, ಸ್ವಲ್ಪ ಗಟ್ಟಿಯಾಗಿ ಕಾಫಿ ಕೊಡು ಎಂದು ನನ್ನ ಹೆಂಡತಿ ಗಿರಿಜೆಗೆ ಹೇಳಿದೆ.

ಎರಡು ತಿಂಗಳಿಗೆ ಬೆಂಗಳೂರಿನಿಂದ ಕರೆ ಬಂತು. ಮೇಡಂ, ಪರಮೇಶ, ನಾನು ಮೂವರೂ ಕಡೂರಿನಲ್ಲಿ ರೈಲು ಹತ್ತಿದೆವು. ಪರಮೇಶ ಎದೆಗೊಂದು ಪ್ಲಾಸ್ಟಿಕ್ ಕವರು ಅವುಚಿಕೊಂಡಿದ್ದ. ನಾನು ಹೊಸ ಷರಟು ಹಾಕಿದ್ದೆ. ಬೆಂಗಳೂರಿನಲ್ಲಿ ಯೋಜನೆಗಳನ್ನು ಪರಿಶೀಲಿಸುವ ಸಮಿತಿಯ ಐದು ಜನ ಉದ್ದನೆಯ ಮೇಜಿನ ಆಚೆ ಕೂತಿದ್ದರು. ನಡುವಿನಲ್ಲಿ ಒಬ್ಬರು ವಯಸ್ಸಾದ ಪ್ರೊಫೆಸರು, ಅವರೇ ಅಧ್ಯಕ್ಷರು. ಇಂಗ್ಲಿಷಿನ ಭಾಗ ಚೆನ್ನಾಗಿದೆ ಎಂದು ಹೇಳಿ, ಕನ್ನಡದ ಪುಟ ತೆರೆದು, ಕನ್ನಡಕ ಸರಿಮಾಡಿಕೊಂಡು, ನಿಧಾನವಾಗಿ ಗಟ್ಟಿಯಾಗಿ ಓದಿದರು.

"ಸದರಿ ಇಲಿಗಳು ತೀರಾ ಶಿಥಿಲಗೊಂಡಿದ್ದು, ಯಾವ ಕ್ಷಣದಲ್ಲಾದರೂ ಸಾರ್ವಜನಿಕರ ಮೇಲೆ ಕುಸಿದು ಬೀಳುವ ಸಂಭವವಿರುತ್ತದೆ. ಆದುದರಿಂದ ಹಳೆಯ ಇಲಿಯನ್ನು ಬುನಾದಿಸಮೇತ ಕೆಡವಿ, ಅದೇ ಜಾಗದಲ್ಲಿ ತರೀಕೆರೆ ಕಡೆಯ ಸೈಜುಗಲ್ಲಿನಿಂದ ಐದು ಅಡಿ ಎತ್ತರದ ಹೊಸ ಇಲಿಯನ್ನು ಕಟ್ಟತಕ್ಕದ್ದು. ಇಲಿಯ ಎರಡೂ ಬದಿಗೆ ಗಾರೆ ಮಾಡಿ, ಸುಣ್ಣ ಬಳಿದು, ದನಕರುಗಳು ಹಾರದಂತೆ ಇಲಿಯ ಮೇಲೆ ಗಾಜಿನ ಚೂರು ನೆಡತಕ್ಕದ್ದು."

ಒಬ್ಬರು ಬಗ್ಗಿ ಮೇಜಿನ ಕೆಳಗೆ ಪೆನ್ನು ಹುಡುಕಿದರು, ಬಹಳ ಹೊತ್ತು ಮೇಲೆ ಬರಲಿಲ್ಲ. ಇನ್ನೊಬ್ಬರು ನೀರು ಕುಡಿಯಲು ಹೋಗಿ ನೆತ್ತಿಗೆ ಹತ್ತಿಸಿಕೊಂಡರು. ಮೇಡಂ ಮುಖ ಬಿಳುಚಿಕೊಂಡಿತು. ಐದಡಿ ಇಲಿಗೆ ಬಾಗಿಲು ಇಡುತ್ತೀರೋ ಹೇಗೆ ಎಂದು ಅಧ್ಯಕ್ಷರು ಶಾಂತವಾಗಿ ಕೇಳಿದರು. ಪ್ರಸ್ತಾವನೆಯಲ್ಲಿ ಇಡೀ ಎರಡನೇ ಪುಟ ಗೇಟಿನದೇ ಎಂಬುದು ನನಗೆ ಆಗ ನೆನಪಾಯಿತು.

ಕಂಪ್ಯೂಟರಿನ ಮೇಲೆ ಹಾಕಿಬಿಡೋಣ ಎಂದು ಮನಸ್ಸು ಹೇಳಿತು. ಅದಕ್ಕೆ ಬಾಯಿಲ್ಲ, ಬಡಪಾಯಿ. ಆದರೆ ಮೇಡಂ ತಲೆ ತಗ್ಗಿಸಿ ಕೂತದ್ದು ಕಣ್ಣಿಗೆ ಬಿತ್ತು. ಎದ್ದು ನಿಂತೆ. "ಅದು ಇಲಿ ಅಲ್ಲ ಸಾರ್, ಗೋಡೆ. ತಪ್ಪು ನಂದು. ಮೇಡಂ ನನ್ನ ನಂಬಿ ಸಹಿ ಮಾಡಿದ್ರು. ನಮ್ಮೋರ ಜ್ವರ ಮಾತ್ರ ಸುಳ್ಳಲ್ಲ ಸಾರ್, ಈ ಪರಮೇಶನ ಹತ್ರ ಇರೋದನ್ನ ಒಂದ್ಸಲ ನೋಡ್ಬಿಡಿ" ಅಂದೆ.

ಪರಮೇಶ ಕವರಿನಿಂದ ಮುದುರಿದ ಒಂದು ನೋಟ್‌ಬುಕ್ ತೆಗೆದ. ಜ್ವರ ಬಂದ ಒಬ್ಬೊಬ್ಬರ ಮನೆಗೂ ಬೈಕಿನಲ್ಲಿ ಹೋಗಿ ಬರೆದುಕೊಂಡಿದ್ದ: ಯಾವ ಕೆರೆಯ ಕೆಳಗಿನ ಗದ್ದೆ, ಕಾಲಿಗೆ ಏನಾದರೂ ಹಾಕಿದ್ದರೇ, ಪಾದದಲ್ಲಿ ಗಾಯವಿತ್ತೇ, ನೀರಿನಲ್ಲಿ ಎಷ್ಟು ಹೊತ್ತು ನಿಂತಿದ್ದರು. ಇದನ್ನೆಲ್ಲ ಯಾರು ಬರೆಯಲು ಹೇಳಿದರು ಎಂದು ಅಧ್ಯಕ್ಷರು ಕೇಳಿದರು.

"ಯಾರೂ ಹೇಳ್ನಿಲ್ಲ ಸಾರ್. ಹೊಲದೋರಿಗೆ ಅಷ್ಟು ಬರಲ್ಲ, ಗದ್ದೆಗೆ ಇಳಿದೋರಿಗೇ ಬತ್ತೈತೆ. ಅದ್ಯಾಕೆ ಅಂತ ಮೇಡಂ ಕೇಳಿದ್ರು. ನಂಗೊತ್ತಿರ್ಲಿಲ್ಲ, ಅದಕ್ಕೇ ಬರ್ಕೊಂಡೆ."

ಅಧ್ಯಕ್ಷರು ಪುಟ ತಿರುವುತ್ತ ಹೋದರು. ಕೋಣೆಯಲ್ಲಿ ಯಾರೂ ನಗುತ್ತಿರಲಿಲ್ಲ. ಕೊನೆಗೆ, ಬಂದ ಯೋಜನೆಗಳಲ್ಲಿ ಬಹಳಷ್ಟು ಉತ್ತರ ಮೊದಲೇ ಗೊತ್ತಿರುವವರು ಬರೆದಂತಿವೆ, ಇಲ್ಲಿ ನಿಜವಾಗಿ ಒಂದು ಪ್ರಶ್ನೆ ಇದೆ ಅಂದರು. ಅಲ್ಲದೆ ಕಡೆಯ ಪುಟದವರೆಗೆ ಐದೂ ಜನ ಓದಿದ ಪ್ರಸ್ತಾವನೆ ಇದೊಂದೇ ಎಂದೂ ಸೇರಿಸಿದರು. ಗಾರೆ ಕೆಲಸ ತೆಗೆದು ಹೊಸದಾಗಿ ಬರೆದುಕೊಡಿ, ಕೊಬ್ಬರಿ ಇರಲಿ ಎಂದು ಹೇಳಿ ಒಪ್ಪಿಗೆ ಕೊಟ್ಟರು. ವಾಪಸು ಬರುವಾಗ ಮೇಡಂ ಅರಸೀಕೆರೆವರೆಗೆ ನನ್ನ ಜೊತೆ ಮಾತಾಡಲಿಲ್ಲ. ಅರಸೀಕೆರೆ ದಾಟಿದ ಮೇಲೆ "ಇಲಿಗೆ ಸುಣ್ಣ" ಎಂದು ತಮ್ಮಷ್ಟಕ್ಕೆ ಹೇಳಿಕೊಂಡು, ಕಿಟಕಿಗೆ ಹಣೆ ಆನಿಸಿ, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು.

ಅನುದಾನ ಬಂತು, ಕೆಲಸ ಶುರುವಾಯಿತು. ಗದ್ದೆಗೆ ಇಳಿಯುವವರ ರಕ್ತ ಪರೀಕ್ಷೆಗೆ ಹೋಯಿತು. ಹೋಲಿಸಿ ನೋಡಲು ಗದ್ದೆ, ಕೆಸರು, ಚರಂಡಿ ಯಾವುದಕ್ಕೂ ಇಳಿಯದವರೂ ಬೇಕಿತ್ತು. ಅಂಥವರನ್ನು ಹುಡುಕುವುದು ಇಲಿ ಹಿಡಿಯುವುದಕ್ಕಿಂತ ಕಷ್ಟವಾಯಿತು. ಸಖರಾಯಪಟ್ಟಣದಲ್ಲಿ ಅಂಗಡಿ ಇಟ್ಟವರಿಗೂ ತೆಂಗಿನ ತೋಟವಿದೆ, ಬೆಳಿಗ್ಗೆ ಎದ್ದು ನೀರು ಕಟ್ಟುತ್ತಾರೆ. ಮೇಷ್ಟ್ರುಗಳು ಭಾನುವಾರ ಪಾತಿ ಮಾಡುತ್ತಾರೆ. ಮೇಡಂ ಯೋಚಿಸುತ್ತ ಕೂತಿದ್ದವರು ತಲೆಯೆತ್ತಿ ನನ್ನ ಕಡೆ ನೋಡಿದರು. ಆ ನೋಟದಲ್ಲಿ ವಿಜ್ಞಾನ ತುಂಬಿತ್ತು.

ಪರಮೇಶ ನಮೂನೆ ಹಿಡಿದು ಗಂಭೀರವಾಗಿ ಕೇಳುತ್ತ ಹೋದ. ಕೆಸರಿಗೆ ಕಾಲಿಟ್ಟಿದ್ದು ಯಾವಾಗ? ಮೂಟೆ ಹೊತ್ತಿದ್ದೀರಾ? ಮನೆ ಮುಂದಿನ ಮೋರಿ ಬಳಿದಿದ್ದೀರಾ? ಕೊಟ್ಟಿಗೆ, ಕಣಜ, ಹಿತ್ತಲು? ಎಲ್ಲದಕ್ಕೂ ಪ್ರಾಮಾಣಿಕವಾಗಿ ಇಲ್ಲ, ಇಲ್ಲ ಎಂದೆ.

ವರ್ಷದ ಕೊನೆಗೆ ವರದಿ ಬಂತು. ಮೇಡಂ ಅನುಮಾನ ಪಟ್ಟಂತೆ ಅದು ಇಲಿ ಜ್ವರವೇ, ಇಲಿಯ ಮೂತ್ರ ಬೆರೆತು ನಿಂತ ನೀರಿಗೆ ಗಾಯದ ಕಾಲಿನಲ್ಲಿ ಇಳಿದವರಲ್ಲೇ ಸೋಂಕು ಹೆಚ್ಚು. ಈಗ ಸಿಂಗಟಗೆರೆಯಲ್ಲಿ ಯಾರಿಗಾದರೂ ಮೀನಖಂಡ ನೋಯ್ತು ಅಂದರೆ ಗಂಗಮ್ಮನೇ ಬೈದು ಬಸ್ಸು ಹತ್ತಿಸುತ್ತಾಳಂತೆ. ವರದಿ ಬರೆದವರ ಪಟ್ಟಿಯಲ್ಲಿ ಮೇಡಂ ಹೆಸರಿದೆ, ಪರಮೇಶನ ಹೆಸರಿದೆ. ನಾನಿರುವುದು ಹೋಲಿಕೆಯ ಕೋಷ್ಟಕದಲ್ಲಿ, ಮಾದರಿ ಸಂಖ್ಯೆ ಒಂದು: ಯಾವುದೇ ದೈಹಿಕ ಶ್ರಮದಲ್ಲಿ ತೊಡಗದ ವ್ಯಕ್ತಿ, ಸೋಂಕಿನ ಕುರುಹು ಇಲ್ಲ. ಹೆಮ್ಮೆಯಿಂದ ಗಿರಿಜೆಗೆ ತೋರಿಸಿದೆ, ಇದು ನಾನೇ ಎಂದೆ.

ಅವಳು ಎರಡು ಸಲ ಓದಿದಳು. "ಮದುವೆಯಾದಾಗ್ಲಿಂದ ನಾನು ಹೇಳ್ತಾನೇ ಇದೀನಿ, ಯಾರೂ ನಂಬ್ಲಿಲ್ಲ. ಪಾಪ, ಸರ್ಕಾರ ದುಡ್ಡು ಹಾಕಿ, ರಕ್ತ ತೆಗೆದು ಪರೀಕ್ಷೆ ಮಾಡ್ತು ನೋಡಿ" ಅಂದಳು. ತರೀಕೆರೆಯ ತವರುಮನೆಗೆ ಕಳಿಸಲು ಅದರದೊಂದು ಜೆರಾಕ್ಸ್ ಬೇಕೆಂದಳು. ನಾನೇ ಕಚೇರಿಯಲ್ಲಿ ಮಾಡಿಸಿ, ಕೆಳಗೆ 'ನಿಜಪ್ರತಿ' ಎಂದು ಬರೆದು, ಸಹಿ ಹಾಕಿ ಕೊಟ್ಟೆ.