ಗಡಿಯಾರದ ತಾಯಿ

ನನಗೆ ದಿನಕ್ಕೆ ಹನ್ನೊಂದು ಮೀಟಿಂಗು. ಸುಳ್ಳಲ್ಲ, ಎಣಿಸಿಯೇ ಹೇಳುತ್ತಿದ್ದೇನೆ. ಬೆಳಿಗ್ಗೆ ಒಂಬತ್ತಕ್ಕೆ ಎಲ್ಲರೂ ನಿಂತುಕೊಂಡು ಮಾಡುವ ಮೀಟಿಂಗು (ನಿಂತರೆ ಬೇಗ ಮುಗಿಯುತ್ತದೆ ಎಂದು ಯಾರೋ ಪುಣ್ಯಾತ್ಮರು ಕಂಡುಹಿಡಿದಿದ್ದಾರೆ, ಬೇಗ ಮುಗಿಯುವುದಿಲ್ಲ, ಕಾಲು ನೋಯುತ್ತದೆ ಅಷ್ಟೆ). ಆಮೇಲೆ ಕುಳಿತುಕೊಂಡು ಮಾಡುವ ಮೀಟಿಂಗು. ಮಧ್ಯಾಹ್ನ, ನಾಳೆಯ ಮೀಟಿಂಗನ್ನು ಎಷ್ಟು ಗಂಟೆಗೆ ಇಡೋಣ ಎಂದು ತೀರ್ಮಾನಿಸುವ ಮೀಟಿಂಗು. ಇಷ್ಟರ ನಡುವೆ ಕೆಲಸ ಯಾವಾಗ ಮಾಡುತ್ತೀಯ ಎಂದು ಕೇಳಬೇಡಿ. ನಾಯಿಗೆ ಕೆಲಸವಿಲ್ಲ, ನಿಲ್ಲಲು ಪುರುಸೊತ್ತಿಲ್ಲ ಎಂಬ ಗಾದೆ ಕಟ್ಟಿದವರು ಖಂಡಿತ ನಮ್ಮ ಆಫೀಸಿಗೆ ಬಂದು ಹೋಗಿದ್ದಾರೆ.

ಅಂದ ಹಾಗೆ ನನ್ನ ಕೆಲಸ ಸಾಫ್ಟ್‌ವೇರು. ಆಸ್ಪತ್ರೆಗಳಲ್ಲಿ 'ಟೋಕನ್ ನಂಬರ್ ನಲವತ್ತೆರಡು, ಮೂರನೇ ಕೌಂಟರಿಗೆ ಬನ್ನಿ' ಎಂದು ಒಂದು ಹೆಣ್ಣುದನಿ ಕರೆಯುತ್ತದಲ್ಲ, ಆ ದನಿಗೆ ಯಾರನ್ನು ಯಾವಾಗ ಕರೆಯಬೇಕೆಂದು ಹೇಳಿಕೊಡುವವರು ನಾವು. ಒಂಬತ್ತು ಜನರ ತಂಡ, ಅದಕ್ಕೆ ನಾನು ಯಜಮಾನಿ. ಮನೆಯಲ್ಲಿ ಮಾತ್ರ ನಾನು ಯಾರಿಗೂ ಯಜಮಾನಿಯಲ್ಲ. ಅಲ್ಲಿ ಮೂರು ಜನ ಇದ್ದಾರೆ. ನನ್ನ ಗಂಡ ಹಲ್ಲಿನ ಡಾಕ್ಟರು. ಇಡೀ ದಿನ ಊರವರ ಬಾಯಿ ತೆರೆಸಿ, ಮನೆಗೆ ಬಂದ ಮೇಲೆ ತಮ್ಮ ಬಾಯನ್ನು ಊಟಕ್ಕೆ ಮಾತ್ರ ತೆರೆಯುವ ಸಾಧುಪ್ರಾಣಿ. ಅತ್ತೆ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಗಣಿತ ಹೇಳಿಕೊಟ್ಟು ನಿವೃತ್ತರಾದವರು. ಇವತ್ತಿಗೂ ತರಕಾರಿ ಅಂಗಡಿಯ ತಕ್ಕಡಿ ಅವರನ್ನು ಕಂಡರೆ ನೆಟ್ಟಗಾಗುತ್ತದೆ. ಮೂರನೆಯವಳು ಒಂಬತ್ತು ವರ್ಷದ ಮಗಳು. ಹುಟ್ಟಿದ ವಾರವೇ ಅವಳ ಅಳುವಿನ ರಾಗ ಕೇಳಿ ಅವರಪ್ಪ ಇಟ್ಟ ಅಡ್ಡಹೆಸರು ಪಿಟೀಲು. ಅದೇ ನಿಂತಿತು.

ಈ ಮನೆಗೆ ನಾನು ಒಂದೇ ಒಂದು ಕಾನೂನು ತಂದಿದ್ದೆ. ಬಾಯಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ, ಏನಿದ್ದರೂ ನನ್ನ ಕ್ಯಾಲೆಂಡರಿಗೆ ಆಹ್ವಾನ ಕಳಿಸಿ. ಹಿಂದೆ ಒಮ್ಮೆ ಪಿಟೀಲಿನ ಶಾಲೆಯ ಪೋಷಕರ ಸಭೆಗೆ ಒಂದು ದಿನ ತಡವಾಗಿ ಹೋಗಿ, ಗೋಡೆಗೆ ಬಣ್ಣ ಬಳಿಯುತ್ತಿದ್ದವನ ಹತ್ತಿರ ಮಗಳ ಓದಿನ ಬಗ್ಗೆ ಹತ್ತು ನಿಮಿಷ ವಿಚಾರಿಸಿ ಬಂದ ಮೇಲೆ ಮಾಡಿದ ಕಾನೂನು ಅದು. (ಪಾಪ, ಒಳ್ಳೆಯ ಮನುಷ್ಯ. "ಚೆನ್ನಾಗಿ ಓದ್ತಾಳೆ ಬಿಡಿ" ಎಂದಿದ್ದ.) ಅಂದಿನಿಂದ ಆಫೀಸಿಗೂ ಮನೆಗೂ ಒಂದೇ ಕ್ಯಾಲೆಂಡರು. ಅತ್ತೆಯೂ ಮನೆಯ ಟ್ಯಾಬಿನಲ್ಲಿ ಆಹ್ವಾನ ಕಳಿಸುವುದನ್ನು ಒಂದೇ ಮಧ್ಯಾಹ್ನದಲ್ಲಿ ಕಲಿತುಬಿಟ್ಟರು.

ಇಂಥ ನನಗೆ ಒಂದು ಭಾನುವಾರ ಜ್ಞಾನೋದಯವಾಯಿತು. ಮೀಟಿಂಗಿಗೆ ಕರೆಯುವವರಲ್ಲಿ ಮುಕ್ಕಾಲು ಪಾಲು ಜನರಿಗೆ ಯಾಕೆ ಕರೆಯುತ್ತಿದ್ದೇವೆಂದು ಅವರಿಗೇ ಗೊತ್ತಿರುವುದಿಲ್ಲ. ಕೂತು ಒಂದು ಪುಟ್ಟ ಪ್ರೋಗ್ರಾಂ ಬರೆದೆ. ಹೆಸರು ದ್ವಾರಪಾಲಕ. ನನಗೆ ಬರುವ ಪ್ರತಿಯೊಂದು ಆಹ್ವಾನವನ್ನೂ ಅದು ಓದುತ್ತದೆ. 'ಉದ್ದೇಶ' ಮತ್ತು 'ನಿರ್ಧಾರ' ಎಂಬ ಎರಡು ತಲೆಬರಹಗಳಿಲ್ಲದಿದ್ದರೆ, ಅಥವಾ ಆ ಹೊತ್ತಿಗೆ ನನಗೆ ಬೇರೆ ಕೆಲಸವಿದ್ದರೆ, ನನ್ನನ್ನು ಕೇಳದೆಯೇ ಉತ್ತರ ಕಳಿಸುತ್ತದೆ: 'ಮಾನ್ಯರೇ, ತಮ್ಮ ಆಹ್ವಾನಕ್ಕೆ ಧನ್ಯವಾದಗಳು. ಹಾಜರಾಗಲು ಸಾಧ್ಯವಾಗದಿರುವುದಕ್ಕೆ ವಿಷಾದಿಸುತ್ತೇನೆ. ನಾನಿಲ್ಲದೆಯೂ ತಮ್ಮ ಕಾರ್ಯಕ್ರಮ ಯಶಸ್ವಿಯಾಗಲಿ ಎಂದು ಹಾರೈಸುತ್ತೇನೆ.' ಕೆಳಗೆ ನನ್ನ ಸಹಿ, ಸಹಿಯ ಕೆಳಗೆ ಸಣ್ಣಕ್ಷರದಲ್ಲಿ 'ಆಹ್ವಾನದಲ್ಲಿ ಉದ್ದೇಶ ಮತ್ತು ನಿರ್ಧಾರ ಕಡ್ಡಾಯ'. ಬರೆದು ಮುಗಿಸಿ ನಾನೇ ನಾಲ್ಕು ಸಲ ಓದಿಕೊಂಡೆ, ಅಷ್ಟು ಚೆನ್ನಾಗಿತ್ತು.

ಒಂದೇ ವಾರದಲ್ಲಿ ಹನ್ನೊಂದು ಮೀಟಿಂಗು ಮೂರಕ್ಕಿಳಿಯಿತು. ಬಾಸ್ ಬಂದು, "ಮೇಡಂ, ನಿಮ್ಮ ತಂಡದ ಕೆಲಸ ಮಾತ್ರ ಹೊತ್ತಿಗೆ ಸರಿಯಾಗಿ ಮುಗೀತಿದೆ, ಏನಿದರ ಗುಟ್ಟು?" ಎಂದರು. ಹೇಳಿದೆ. ಅವರಿಗೆ ಎಷ್ಟು ಹಿಡಿಸಿತೆಂದರೆ, ಇಡೀ ಕಂಪನಿಯ ಮುಂದೆ ನಾನು ಸಮಯಪಾಲನೆಯ ಬಗ್ಗೆ ಭಾಷಣ ಮಾಡಬೇಕೆಂದು ಗೊತ್ತುಮಾಡಿಬಿಟ್ಟರು. ಗುರುವಾರ, ಸಂಜೆ ನಾಲ್ಕು ಗಂಟೆಗೆ. ನಾನು ಹಿಗ್ಗಿ ಹೀರೇಕಾಯಿಯಾದೆ.

ಅದಕ್ಕಿಂತ ದೊಡ್ಡ ಆಶ್ಚರ್ಯ ಮನೆಯಲ್ಲಿ ಕಾದಿತ್ತು. ಮನೆ ತಣ್ಣಗಾಗಿತ್ತು! ಅಲ್ಲಿಗೆ ಕರೆದುಕೊಂಡು ಹೋಗು, ಇಲ್ಲಿಗೆ ಬಾ ಎಂಬ ಮಾತೇ ಇಲ್ಲ. ಅತ್ತೆಯಂತೂ ನನ್ನನ್ನು ಬಹುವಚನದಲ್ಲಿ ಮಾತಾಡಿಸತೊಡಗಿದರು.

"ತಾವು ಕಾಫಿ ತಗೊಳ್ತೀರಾ?"

"ಇದೇನತ್ತೆ, ನಂಗೆ ತಾವು ಅಂತೀರಾ?"

"ದೊಡ್ಡವರ ಜೊತೆ ಹೇಗೆ ಮಾತಾಡ್ಬೇಕು ಅಂತ ನಂಗೂ ಗೊತ್ತಮ್ಮ."

ಹತ್ತು ವರ್ಷ ಸಂಸಾರ ಮಾಡಿದ ಮೇಲೆ ಕೊನೆಗೂ ನನ್ನ ಬೆಲೆ ತಿಳಿಯಿತಲ್ಲ ಎಂದುಕೊಂಡೆ. ಇನ್ನೊಂದು ದಿನ ನೋಡುತ್ತೇನೆ, ಅವರ ಮೂಗಿನ ಮೇಲೆ ಹೊಸ ಕನ್ನಡಕ.

"ಚೆನ್ನಾಗಿದೆ ಅತ್ತೆ! ಕಣ್ಣಿನ ಡಾಕ್ಟರ ಹತ್ತಿರ ಯಾವಾಗ ಹೋಗಿದ್ರಿ?"

"ಮೊನ್ನೆ. ತಾವಿಲ್ಲದೆಯೂ ಯಶಸ್ವಿಯಾಯ್ತು," ಎಂದು ಹೇಳಿ ಒಳಗೆ ಹೋದರು.

ಈ ವಾಕ್ಯವನ್ನು ಎಲ್ಲೋ ಕೇಳಿದ್ದೇನಲ್ಲ ಅನ್ನಿಸಿತು. ಅಷ್ಟರಲ್ಲಿ ಫೋನು ಬಂತು, ಮರೆತೆ.

ಪಿಟೀಲು ಮಾತ್ರ ಆ ದಿನಗಳಲ್ಲಿ ಬಾಗಿಲ ಹಿಂದೆ ನಿಂತು 'ಟಣ್, ಟಣ್' ಎಂದು ಕೂಗಿಕೊಳ್ಳುತ್ತಿದ್ದಳು. "ಏನೇ ಅದು ಗಲಾಟೆ?" ಎಂದು ಕೇಳಿದರೆ, "ನಿಂಗೆ ಬರೆದು ಕಳಿಸಿದೀನಿ," ಎಂದು ನನ್ನನ್ನೇ ನೋಡುವಳು. ನಾನು "ಹ್ಞೂಂ ಹ್ಞೂಂ, ನೋಡ್ತೀನಿ," ಎಂದು ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಳ್ಳುತ್ತಿದ್ದೆ. ಆ ಗುರುವಾರ ಬೆಳಿಗ್ಗೆ ತನಗಿಂತ ದೊಡ್ಡದಾದ ರಟ್ಟಿನ ಪೆಟ್ಟಿಗೆ ಹಿಡಿದು ಶಾಲೆಗೆ ಹೊರಟಳು. "ಕ್ರಾಫ್ಟ್ ಕ್ಲಾಸಾ?" ಎಂದೆ. ಅವಳು ಪೆಟ್ಟಿಗೆಯನ್ನು ಓರೆಮಾಡಿ ಬಾಗಿಲು ದಾಟಿಸಿದಳು. ಇವರು, "ನಾನಿವತ್ತು ಕ್ಲಿನಿಕ್ಕು ಮೂರಕ್ಕೇ ಮುಚ್ತೀನಿ," ಎಂದರು. "ಒಳ್ಳೇದಾಯ್ತು ಬಿಡಿ, ರೆಸ್ಟ್ ತಗೊಳ್ಳಿ," ಎಂದು ನಾನು ಕನ್ನಡಿಯ ಮುಂದೆ ಭಾಷಣ ಮುಂದುವರಿಸಿದೆ. ಕನ್ನಡಿಯೊಳಗೆ ಅತ್ತೆ ಮತ್ತು ಅವರ ಮಗ ಒಬ್ಬರ ಮುಖ ಒಬ್ಬರು ನೋಡಿಕೊಂಡದ್ದು ಕಾಣಿಸಿತು.

ನಾಲ್ಕು ಗಂಟೆ. ಸಭಾಂಗಣದಲ್ಲಿ ಇನ್ನೂರು ಜನ. ನಾನು ಐದು ನಿಮಿಷ ಸಮಯದ ಮಹಿಮೆಯನ್ನು ಕೊಂಡಾಡಿ, "ಬಾಯಿಮಾತು ಬೇಡ, ಸಾಕ್ಷಿ ನೋಡಿ," ಎಂದು ದ್ವಾರಪಾಲಕ ಹಿಂದಕ್ಕೆ ಕಳಿಸಿದ ಆಹ್ವಾನಗಳ ಪಟ್ಟಿಯನ್ನು ಗೋಡೆಯಗಲದ ಪರದೆಯ ಮೇಲೆ ತೆರೆದೆ. ಅದುವರೆಗೆ ನಾನೇ ಆ ಪಟ್ಟಿ ತೆರೆದಿರಲಿಲ್ಲ. ದ್ವಾರಪಾಲಕನನ್ನು ಇಟ್ಟುಕೊಂಡ ಮೇಲೆ ಬಾಗಿಲಿಗೆ ಯಾರು ಬಂದು ಹೋದರು ಎಂದು ನೋಡುತ್ತ ಕೂರುತ್ತಾರೆಯೇ?

ಮೊದಲು ನಕ್ಕಿದ್ದು ಮುಂದಿನ ಸಾಲಿನವರು. "ಮೇಡಂ, ಹಲ್ಲಿನ ಡಾಕ್ಟರು ನಿಮ್ಮನ್ನ ಊಟಕ್ಕೆ ಕರೀತಾರಾ?" ಎಂದು ಯಾರೋ ಕೇಳಿದರು. ತಿರುಗಿ ನೋಡಿದೆ. 'ಹಲ್ಲಿನ ಡಾಕ್ಟರು: ಹೊರಗೆ ಊಟ, ನಾವಿಬ್ಬರೇ. ನಿರಾಕರಿಸಲಾಗಿದೆ.' ಅದರ ಕೆಳಗೆ, 'ಅತ್ತೆ: ಕಣ್ಣಿನ ಪರೀಕ್ಷೆ, ಜೊತೆಗೆ ಬರ್ತೀಯಾ? ನಿರಾಕರಿಸಲಾಗಿದೆ.'

"ಅವರು ನನ್ನ ಗಂಡ!" ಎಂದು ಮೈಕಿನಲ್ಲೇ ಕೂಗಿದೆ. ಇನ್ನೂರು ಜನ ಬಿದ್ದು ಬಿದ್ದು ನಕ್ಕರು.

ಬಾಸ್ ಮಾತ್ರ ಗಂಭೀರವಾಗಿ ಪಟ್ಟಿ ಓದುತ್ತಿದ್ದರು. "ಈ ಪಿಟೀಲು ಅನ್ನೋರು ಯಾವ ಡಿಪಾರ್ಟ್‌ಮೆಂಟು? ಬಿಡದೆ ನಾಲ್ಕು ಸಲ ಕೇಳಿದಾರಲ್ಲ."

ನಾಲ್ಕು ಸಲ. ಮೊದಲನೆಯದು: 'ನನ್ನ ನಾಟಕ. ಗುರುವಾರ ನಾಲ್ಕು ಗಂಟೆ.' ನಿರಾಕರಿಸಲಾಗಿದೆ. ಎರಡನೆಯದು: 'ನನ್ನ ನಾಟಕ. ಉದ್ದೇಶ: ನಾನು ಗಡಿಯಾರ ಆಗಿರ್ತೀನಿ, ಅದನ್ನ ನೀನು ನೋಡೋದು.' ನಿರಾಕರಿಸಲಾಗಿದೆ. ಮೂರನೆಯದರಲ್ಲಿ ಅಜ್ಜಿಯ ಸಹಾಯ ಕಾಣುತ್ತಿತ್ತು: 'ಉದ್ದೇಶ: ಮೇಲಿನಂತೆ. ನಿರ್ಧಾರ: ನೀನು ಬರೋದು. ಇದನ್ನ ನಾನಾಗಲೇ ಮಾಡಿಬಿಟ್ಟಿದೀನಿ, ನೀನು ಒಪ್ಪಿದ್ರೆ ಸಾಕು.' ಎರಡೂ ತಲೆಬರಹ ಇತ್ತು, ಎಲ್ಲ ಸರಿಯಿತ್ತು. ಆದರೆ ಆ ಹೊತ್ತಿಗೆ ನನಗೆ ಸಮಯಪಾಲನೆಯ ಭಾಷಣವಿತ್ತಲ್ಲ, ನಿರಾಕರಿಸಲಾಗಿದೆ. ನಾಲ್ಕನೆಯದರಲ್ಲಿ ತಲೆಬರಹವೂ ಇಲ್ಲ, ಏನೂ ಇಲ್ಲ: 'ಅಮ್ಮ, ಐದು ನಿಮಿಷ ಬಂದ್ರೆ ಸಾಕು. ಹನ್ನೆರಡು ಸಲ ಟಣ್ ಅನ್ನೋದು ಅಷ್ಟೇ.'

ಅದರ ಕೆಳಗೂ ನನ್ನ ಸಹಿಯಿತ್ತು. ಒಂಬತ್ತು ವರ್ಷದ ಮಗುವನ್ನು 'ಮಾನ್ಯರೇ' ಎಂದು ಕರೆದು ನಾಲ್ಕು ಸಲ ಬಾಗಿಲು ಹಾಕಿದ ತಾಯಿ ಈ ಲೋಕದಲ್ಲಿ ನಾನೊಬ್ಬಳೇ ಇರಬೇಕು. ಗೋಡೆ ಗಡಿಯಾರ ನಾಲ್ಕೂ ಹತ್ತು ತೋರಿಸುತ್ತಿತ್ತು. ಮೈಕನ್ನು ಬಾಸ್ ಕೈಗೆ ಕೊಟ್ಟು, ಚಪ್ಪಲಿ ಕೈಯಲ್ಲಿ ಹಿಡಿದು ಓಡಿದೆ. ಶಾಲೆ ಎರಡು ಬೀದಿ ಆಚೆ.

ಗೇಟಿನಲ್ಲಿ ಕಾವಲುಗಾರ ಪುಸ್ತಕ ಮುಂದಿಟ್ಟ. "ಬರೀರಿ ಮೇಡಂ."

"ಅಯ್ಯೋ, ನಮ್ಮ ಹುಡುಗಿ ನಾಟಕ ಆಗೋಗ್ತಿದೆ, ಬಿಡಪ್ಪಾ!"

"ಎಲ್ಲಾ ಕಾಲಂ ತುಂಬಿಸ್ಬೇಕು. ಭೇಟಿಯ ಉದ್ದೇಶ ಖಾಲಿ ಬಿಟ್ರೆ ಒಳಗೆ ಬಿಡೋ ಹಾಗಿಲ್ಲ."

ಮಾಡಿದ್ದುಣ್ಣೋ ಮಹಾರಾಯ ಎಂದು ಸುಮ್ಮನೆ ಹೇಳಿದ್ದಾರೆಯೇ! ಏದುಸಿರಿನಲ್ಲಿ 'ಗಡಿಯಾರ ನೋಡುವುದು' ಎಂದು ಬರೆದೆ. ಅವನು ಅದನ್ನು ನಿಧಾನವಾಗಿ ಓದಿ ನನ್ನ ಮಣಿಕಟ್ಟನ್ನು ನೋಡಿದ. "ಗಡಿಯಾರ ನೋಡೋಕೆ ಇಲ್ಲೀವರೆಗೂ ಯಾಕೆ ಬಂದ್ರಿ? ಕೈಯಲ್ಲೇ ಇದೆಯಲ್ಲ."

ಪೆನ್ನನ್ನು ಅವನ ಕೈಗಿಟ್ಟು ಒಳಗೆ ನುಗ್ಗಿದೆ.

ನಾಟಕದ ಕಥೆ ಇಷ್ಟೇ. ಸದಾ ನಿದ್ದೆ ಮಾಡುವ ಒಬ್ಬ ರಾಜ. ಯಾರು ಏನು ಮಾಡಿದರೂ ಏಳುವುದಿಲ್ಲ. ಕೊನೆಗೆ ಅರಮನೆಯ ಗಡಿಯಾರ ಹನ್ನೆರಡು ಹೊಡೆದಾಗ ದಡಕ್ಕನೆ ಎದ್ದು "ಯಾರಲ್ಲಿ!" ಎನ್ನಬೇಕು. ನಾನು ಬಾಗಿಲು ತಳ್ಳಿದಾಗ ರಟ್ಟಿನ ಪೆಟ್ಟಿಗೆಯೊಳಗಿಂದ ಮುಖ ಮಾತ್ರ ಹೊರಗಿಟ್ಟ ನನ್ನ ಗಡಿಯಾರ ಒಂಬತ್ತನೆಯ ಟಣ್ ಹೊಡೆಯುತ್ತಿತ್ತು. ಬಾಗಿಲ ಸದ್ದಿಗೆ ಕಣ್ಣು ಹೊರಳಿಸಿತು. ಕೆದರಿದ ತಲೆ, ಕೈಯಲ್ಲಿ ಚಪ್ಪಲಿ, ನಿಂತಿರುವ ಅಮ್ಮ. ಆ ಮುಖ ಅರಳಿದ್ದನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಅರಳಿದ ಮುಖಕ್ಕೆ ಲೆಕ್ಕ ತಪ್ಪಿತು. ಟಣ್, ಟಣ್, ಟಣ್ ಎಂದು ಸಂಭ್ರಮದಲ್ಲಿ ಹೊಡೆಯುತ್ತಲೇ ಹೋಯಿತು. ಹನ್ನೆರಡಕ್ಕೆ ಸರಿಯಾಗಿ ಎದ್ದ ರಾಜ ಹದಿಮೂರು ಕೇಳಿ ಗಾಬರಿಯಾಗಿ ಮತ್ತೆ ಮಲಗಿದ. ಹದಿನಾಲ್ಕಕ್ಕೆ ಎದ್ದ, ಹದಿನೈದಕ್ಕೆ ಮಲಗಿದ. ಮಂತ್ರಿ ನಗು ತಡೆಯಲಾರದೆ ಸಿಂಹಾಸನದ ಹಿಂದೆ ಅಡಗಿದ. ಒಟ್ಟು ಹದಿನೇಳು ಹೊಡೆಯಿತೆಂದು ಆಮೇಲೆ ಅತ್ತೆ ಖಚಿತವಾಗಿ ಹೇಳಿದರು. ಅಷ್ಟರಲ್ಲಿ ಪರದೆ ಎಳೆದುಬಿಟ್ಟಿದ್ದರು.

ಪರದೆಯ ಹಿಂದೆ ಹೋದೆ. ಅಪ್ಪಿಕೊಳ್ಳೋಣವೆಂದರೆ ಪೆಟ್ಟಿಗೆ ಅಡ್ಡ.

"ಬರಲ್ಲ ಅಂತ ಬರೆದಿದ್ಯಲ್ಲ," ಎಂದಳು.

"ನಾನಲ್ಲ ಕಂದಾ, ಆ ಮೆಷಿನ್ನು ತಾನೇ ಹಾಗೆ ಬರೆದುಬಿಡ್ತು."

"ಮೆಷಿನ್ನಿಗೆ ಹೇಳ್ಕೊಟ್ಟಿದ್ದು ಯಾರು?"

ಇಡೀ ಕಂಪನಿಯಲ್ಲಿ ಯಾರೂ ನನಗೆ ಇಂಥ ಪ್ರಶ್ನೆ ಕೇಳಿದವರಿಲ್ಲ. "ನಾನೇ," ಎಂದೆ. "ತಪ್ಪಾಯ್ತು ಪುಟ್ಟಾ. ತುಂಬಾ ದೊಡ್ಡ ತಪ್ಪಾಯ್ತು." ಅಲ್ಲೇ ಫೋನು ತೆಗೆದು ದ್ವಾರಪಾಲಕನನ್ನು ಕೆಲಸದಿಂದ ತೆಗೆದುಹಾಕಿದೆ. ನನ್ನ ಹಿಂದೆಯೇ ಬಂದಿದ್ದ ಅತ್ತೆ ಹೊಸ ಕನ್ನಡಕ ಸರಿಮಾಡಿಕೊಂಡು, "ಸಾಕು, ಕಣ್ಣೊರಸ್ಕೋ. ಓಡಿ ಬಂದು ಸುಸ್ತಾಗಿದೀಯ, ನೀರು ಕುಡಿ," ಎಂದರು. ನನ್ನನ್ನು ಮತ್ತೆ ಏಕವಚನಕ್ಕೆ ಇಳಿಸಿದ್ದು ಕೇಳಿ ಹೋದ ಜೀವ ಬಂದಂತಾಯಿತು.

ಆಗ ನಾಟಕದ ಟೀಚರು ಬಂದರು. ನಾಳೆ ಬೆಳಿಗ್ಗೆ ಹತ್ತಕ್ಕೆ ಉಳಿದ ತರಗತಿಗಳಿಗೆಂದು ಇನ್ನೊಂದು ಪ್ರದರ್ಶನವಿದೆಯಂತೆ, ಪೋಷಕರೂ ಬರಬಹುದಂತೆ. ನನ್ನ ಕಡೆ ತಿರುಗಿ ಕೈಮುಗಿದು, "ಗಡಿಯಾರದ ತಾಯಿ ಮಾತ್ರ ದಯವಿಟ್ಟು ಬರೋದು ಬೇಡ," ಎಂದರು.

ನಾನು ತಲೆ ತಗ್ಗಿಸಿದೆ. ಪಿಟೀಲು ಪೆಟ್ಟಿಗೆಯೊಳಗಿಂದಲೇ ರಾಗ ತೆಗೆದಳು. "ಅಮ್ಮ ಬರ್ಲಿ ಮಿಸ್, ಪ್ಲೀಸ್! ನಾನು ಕಣ್ಣು ಮುಚ್ಕೊಂಡೇ ಹೊಡೀತೀನಿ!"

ಟೀಚರು ಎರಡು ಷರತ್ತು ಹಾಕಿ ಒಪ್ಪಿದರು. ಕಟ್ಟುನಿಟ್ಟಾಗಿ ಕೊನೆಯ ಸಾಲು, ಚಪ್ಪಲಿ ಕಾಲಲ್ಲೇ ಇರಬೇಕು.

ಮರುದಿನ ಆಫೀಸಿಗೆ ರಜೆ ಹಾಕಿದೆ. ಅರ್ಧ ಗಂಟೆ ಮೊದಲೇ ಹೋಗಿ, ಕೊನೆಯ ಸಾಲಿನಲ್ಲಿ ಅತ್ತೆಗೂ ಗಂಡನಿಗೂ ನಡುವೆ ಉಸಿರು ಬಿಗಿಹಿಡಿದು ಕೂತೆ. ರಾಜ ಗೊರಕೆ ಹೊಡೆದ. ನನ್ನ ಗಡಿಯಾರ ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿತು. ಟಣ್, ಒಂದು. ಟಣ್, ಎರಡು. ನಾನೂ ಒಳಗೊಳಗೇ ಎಣಿಸುತ್ತ ಹೋದೆ. ಎಷ್ಟು ಸ್ಪಷ್ಟ, ಎಷ್ಟು ನಿಧಾನ, ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ! ಎಂಟರ ಹೊತ್ತಿಗೆ ನನ್ನ ಕಣ್ಣು ಮಂಜಾಯಿತು. ಆಮೇಲಿನ ಎಣಿಕೆ ಸರಿಯಾಗಿ ನೆನಪಿಲ್ಲ. ಕೊನೆಯ ಟಣ್ ಬಿತ್ತು ಅನ್ನಿಸಿದ್ದೇ ತಡ, ನಾನು ಎದ್ದು ನಿಂತು ಅಂಗೈ ಉರಿಯುವ ಹಾಗೆ ಚಪ್ಪಾಳೆ ತಟ್ಟಿದೆ. ನಾನು ತಟ್ಟಿದ್ದು ನೋಡಿ ಸಭೆಯೆಲ್ಲ ತಟ್ಟಿತು. ರಾಜ ಎದ್ದು ಕೂತ. ಪಕ್ಕದಲ್ಲಿ ಅತ್ತೆ ನನ್ನ ಸೆರಗು ಜಗ್ಗುತ್ತಿದ್ದರು.

ವೇದಿಕೆಯ ಮೇಲೆ ಗಡಿಯಾರ ಒಂದು ಕಣ್ಣು ತೆರೆಯಿತು. ಕೊನೆಯ ಸಾಲಿನಲ್ಲಿ ನನ್ನನ್ನು ಹುಡುಕಿ ಹಿಡಿದು, ಇಡೀ ಶಾಲೆಗೆ ಕೇಳಿಸುವ ಹಾಗೆ ಕೂಗಿತು:

"ಅಮ್ಮಾ, ಕೂತ್ಕೋ! ಇನ್ನೂ ಒಂದಿದೆ!"