ಕೊನೆಯ ಪೆಟ್ಟಿಗೆ

ಎಲ್ಲ ಕೆಟ್ಟದ್ದು ಆ ಬೋರ್ಡಿನಿಂದ. ಬೆಳಿಗ್ಗೆ ಅದನ್ನು ಬಾಗಿಲಿಗೆ ನೇತುಹಾಕದೆ ಇದ್ದಿದ್ದರೆ ಕನ್ನಡಕದಣ್ಣ ಸಂಜೆಯೊಳಗೆ ಸಂಸ್ಥೆಗೆ ಬೀಗ ಜಡಿದು ತನ್ನ ಪಾಡಿಗೆ ತಾನು ಹೋಗಿರುತ್ತಿದ್ದ.

‘ಇಪ್ಪತ್ತೊಂದು ವರ್ಷಗಳ ಸೇವೆಯ ನಂತರ ಸಂಸ್ಥೆ ಇಂದು ಮುಚ್ಚುತ್ತಿದೆ. ಸಹಕರಿಸಿದ ಎಲ್ಲರಿಗೂ ವಂದನೆ’ ಎಂದು ಬರೆಸಿದವರು ಕಾರ್ಯದರ್ಶಿಗಳು. ಊರವರ ಹಳೆ ಕನ್ನಡಕ ಕೂಡಿಸಿ ಕಡಲಾಚೆಯ ಬಡದೇಶವೊಂದಕ್ಕೆ ಕಳಿಸುವುದು ಸಂಸ್ಥೆಯ ಕೆಲಸ. ತೊಳೆಯುವವನು, ಪವರ್ ಅಳೆಯುವವನು, ಪೆಟ್ಟಿಗೆ ಕಟ್ಟುವವನು ಕನ್ನಡಕದಣ್ಣ. ವರ್ಷಕ್ಕೊಮ್ಮೆ ವಿಮಾನ ಹತ್ತಿ ಅಲ್ಲಿಗೆ ಹೋಗಿ ಭಾಷಣ ಮಾಡಿ ಬರುವವರು ಕಾರ್ಯದರ್ಶಿಗಳು. ಶ್ರಮ ಹೀಗೆ ಸಮನಾಗಿ ಹಂಚಿಕೆಯಾಗಿತ್ತು.

ಕನ್ನಡಕದಣ್ಣನಿಗೆ ಕಣ್ಣಾಸ್ಪತ್ರೆಯ ಉಗ್ರಾಣದಲ್ಲಿ ಕೆಲಸ ಸಿಕ್ಕಿತ್ತು. ನಾಳೆ ಒಂಬತ್ತಕ್ಕೆ ಸಂಸ್ಥೆಯ ಬಿಡುಗಡೆ ಪತ್ರ ಹಿಡಿದು ಹಾಜರಾಗದಿದ್ದರೆ ಅದು ಇನ್ನೊಬ್ಬನ ಪಾಲು.

“ಕೋಣೆ ಖಾಲಿ ಆಯ್ತು ಅಂತ ಮನೆ ಒಡತಿ ಒಂದು ಮಾತು ಹೇಳ್ಲಿ, ಅಲ್ಲೇ ಸೈನ್ ಹಾಕ್ತೀನಿ,” ಎಂದಿದ್ದರು ಕಾರ್ಯದರ್ಶಿಗಳು. “ಐದು ಗಂಟೆ ತನಕ ಇರ್ತೀನಿ. ಆಮೇಲೆ ಮಗಳ ಮನೆಗೆ ಹೊರಟೆ. ಆರು ತಿಂಗಳು ನನ್ನ ಕೇಳ್ಬೇಡ.”

ಕೋಣೆಯಲ್ಲಿ ಉಳಿದಿದ್ದದ್ದು ಒಂದೇ ಪೆಟ್ಟಿಗೆ. ಅದನ್ನು ಬಗಲಲ್ಲಿಟ್ಟುಕೊಂಡೇ ಹೋಗಬಹುದಿತ್ತು.

ಬೋರ್ಡು ಓದಿ ಮೊದಲು ಮೇಲೆ ಬಂದವನು ಕೆಳಗಿನ ಅಂಗಡಿಯ ಟೈಲರ್.

“ಏನಣ್ಣ, ಮುಚ್ತೀರಂತೆ? ನಮ್ಮಪ್ಪನ ಕನ್ನಡಕ ಕೊಡ್ಬೇಕು ಅಂತ ಎಂಟು ವರ್ಷದಿಂದ ಅಂದ್ಕೊತಾನೇ ಇದ್ದೆ. ತಗೊಳ್ಳಿ.”

“ಬೇಡಪ್ಪ. ಇವತ್ತಿಗೆ ಎಲ್ಲಾ ಮುಗೀತು.”

“ಮುಗಿಯೋಕೆ ಮುಂಚೆ ತಂದಿದೀನಲ್ಲ.”

ಅವನು ಅಷ್ಟಕ್ಕೇ ಬಿಡಲಿಲ್ಲ. ಬೀದಿಯುದ್ದಕ್ಕೂ ಹೇಳಿಕೊಂಡು ಬಂದ. ಇಪ್ಪತ್ತೊಂದು ವರ್ಷ ಗೋಗರೆದರೂ ಕಪಾಟು ತೆರೆಯದಿದ್ದ ಬೀದಿಗೆ ಅಂದು ಒಮ್ಮೆಗೇ ಕರುಣೆ ಕೆರಳಿತು. ಒಂಟಿ ಗಾಜಿನವು, ಕಾಲು ಮುರಿದವು, ನಾಟಕದಲ್ಲಿ ಹಾಕಿದ್ದವು, ಎಲ್ಲ ಬಂದವು. ಒಂದಿದ್ದ ಪೆಟ್ಟಿಗೆ ಮಧ್ಯಾಹ್ನದೊಳಗೆ ಇಲಿ ಮರಿ ಹಾಕಿದಂತೆ ಹನ್ನೊಂದಾಯಿತು. ಬೇಡವೆಂದರೆ, “ದಾನ ಕೊಟ್ಟರೆ ಮುಖ ಸಿಂಡರಿಸ್ತಾನೆ ನೋಡ್ರಿ, ಸಂಸ್ಥೆ ಸುಮ್ಮನೆ ಮುಳುಗಿಲ್ಲ,” ಎಂದರು.

ಮನೆ ಒಡತಿ ಮೆಟ್ಟಿಲ ಬುಡದಿಂದಲೇ ಕೂಗಿದರು: “ಮುಚ್ಚೋ ಅಂಗಡಿಗೆ ಇಷ್ಟು ಜಾತ್ರೆ ಯಾಕಯ್ಯ? ಒಂದು ಪೆಟ್ಟಿಗೆ ಉಳಿದ್ರೂ ನಾನು ಖಾಲಿ ಅನ್ನಲ್ಲ.”

ಕನ್ನಡಕದಣ್ಣ ಗುಜರಿಯವನಿಗೆ ಫೋನ್ ಮಾಡಿ ಗೋಗರೆದ, ಕಾಲು ಹಿಡಿಯುವುದೊಂದು ಬಾಕಿ. ಅವನು ನಾಲ್ಕೂವರೆಗೆ ಲಾರಿ ಕಳಿಸಲು ಒಪ್ಪಿದ. ಕನ್ನಡಕದಣ್ಣ ಬೆವರು ಒರೆಸಲು ತನ್ನ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. ಮರುಗಳಿಗೆ ತಡಕಿದರೆ ಅದಿಲ್ಲ. ಐನೂರು ಕನ್ನಡಕಗಳ ನಡುವೆ ತನ್ನದೊಂದು ಎಲ್ಲಿ ಹುಡುಕುವುದು? ಕೈಗೆ ಸಿಕ್ಕಿದ್ದನ್ನು ಹಾಕಿಕೊಂಡ. ಬಾಗಿಲು ಎರಡಾಗಿ ಕಂಡಿತು.

ನಾಲ್ಕೂಕಾಲಿಗೇ ಲಾರಿ ಬಂತು. ಹೊತ್ತಿಗೆ ಮುಂಚೆ ಬಂದ ಲಾರಿಯನ್ನು ಅವನು ಜನ್ಮದಲ್ಲಿ ಕಂಡಿರಲಿಲ್ಲ. ಅನುಮಾನ ಬರಬೇಕಿತ್ತು. ಸಂತೋಷ ಬಂತು.

“ಮೂರು ಕಡೆ ಸೈನ್ ಹಾಕಿ ಸಾರ್,” ಎಂದ ಡ್ರೈವರ್.

“ಮೂವತ್ತು ಕಡೆ ಹಾಕ್ತೀನಿ. ಬೇಗ ಮುಗ್ಸಪ್ಪ.”

ಸೈನ್ ಹಾಕಿ, ಗೋಡೆ ಸವರಿಕೊಂಡು ಕಾರ್ಯದರ್ಶಿಗಳ ಮನೆಗೆ ಓಡಿದ. ಅವರನ್ನೂ ಒಡತಿಯನ್ನೂ ಕರೆದುಕೊಂಡು ಬರುವಾಗ ಐದಕ್ಕೆ ಹತ್ತು ನಿಮಿಷ. ಲಾರಿ ಹೋಗಿತ್ತು.

“ನೋಡಿ ಅಮ್ಮ, ಖಾಲಿ,” ಎಂದು ಬಾಗಿಲು ನೂಕಿದ. ಬಾಗಿಲು ಅರ್ಧಕ್ಕೇ ನಿಂತಿತು. ಒಳಗೆ ನೆಲದಿಂದ ಸೂರಿನವರೆಗೆ ಪೆಟ್ಟಿಗೆ.

“ಇದು ಖಾಲಿ ಆದ್ರೆ ತುಂಬಿದ್ದು ಹೆಂಗಿರತ್ತಯ್ಯ?” ಎಂದರು ಒಡತಿ.

ಕನ್ನಡಕದಣ್ಣ ಒಂದನ್ನು ಮುಟ್ಟಿ ನೋಡಿದ. ಹುರಿ, ಗಂಟು ಎರಡೂ ತನ್ನವೇ. ಯಾವುದನ್ನೂ ಬಿಚ್ಚಿರಲಿಲ್ಲ. ಮೇಲೊಂದು ಪತ್ರವಿತ್ತು. ಹಿಂದೆಯೇ ಮೇಲೆ ಬಂದಿದ್ದ ಟೈಲರ್ ಅದನ್ನು ಗಟ್ಟಿಯಾಗಿ ಓದಿದ:

“‘ಕಡಲಾಚೆಯ ನಿಮ್ಮ ಸೋದರ ಸಂಸ್ಥೆಯಿಂದ. ನೀವು ಕಳಿಸಿದ ಪೆಟ್ಟಿಗೆಗಳನ್ನು, ಹಂಚಿಕೆ ಸಮಿತಿ ರಚನೆಯಾಗುವವರೆಗೆ ಜೋಪಾನವಾಗಿ ಇಟ್ಟಿದ್ದೆವು. ಈಗ ನಾವೂ ಮುಚ್ಚುತ್ತಿದ್ದೇವೆ. ನಿಯಮದಂತೆ ಉಳಿದ ಸಾಮಾನನ್ನು ಬಡದೇಶವೊಂದಕ್ಕೆ ದಾನ ಮಾಡಬೇಕು. ನಮ್ಮ ಪಟ್ಟಿಯಲ್ಲಿ ನಿಮ್ಮ ದೇಶವೇ ಮೊದಲಿದೆ.’”

ಕೆಳಗೆ ಗುಜರಿಯವನ ಲಾರಿ ಬಂದು ಹಾರ್ನ್ ಹಾಕಿತು. ಹನ್ನೊಂದು ಪೆಟ್ಟಿಗೆಗೆಂದು ಬಂದದ್ದು, ಪುಟ್ಟ ಲಾರಿ.

“ಹಂಗಾದ್ರೆ ಪ್ರತಿ ವರ್ಷ ಅಲ್ಲಿ ಏನು ನೋಡ್ಕೊಂಡು ಬಂದ್ರಿ ಸಾರ್?” ಎಂದ ಕನ್ನಡಕದಣ್ಣ.

ಕಾರ್ಯದರ್ಶಿಗಳು ಗಡಿಯಾರ ನೋಡಿಕೊಂಡರು. “ಅಯ್ಯೋ, ಐದಾಯ್ತು.”

ಅಷ್ಟರಲ್ಲಿ ಟೈಲರ್ ಜೇಬಿಗೆ ಕೈ ಹಾಕಿದ. “ಅಣ್ಣ, ಮರೆತೇಬಿಟ್ಟೆ. ನಿಮ್ಮ ಕನ್ನಡಕ ಕೊಳೆಯಾಗಿತ್ತು, ಒರೆಸಿ ಕೊಡೋಣ ಅಂತ ಒಯ್ದಿದ್ದೆ.”

ಕನ್ನಡಕದಣ್ಣ ಹಾಕಿಕೊಂಡ. ಗಾಜು ಫಳಫಳ ಹೊಳೆಯುತ್ತಿತ್ತು. ಇಪ್ಪತ್ತೊಂದು ವರ್ಷದಲ್ಲಿ ಲೋಕ ಇಷ್ಟು ನಿಚ್ಚಳವಾಗಿ ಅವನಿಗೆ ಕಂಡಿರಲಿಲ್ಲ. ಡ್ರೈವರ್ ಬಿಟ್ಟುಹೋದ ರಸೀದಿಯಲ್ಲಿ, ಅವನದೇ ಸಹಿಯ ಮೇಲೆ, ಅಚ್ಚುಕಟ್ಟಾಗಿ ಅಚ್ಚಾಗಿತ್ತು: ‘ಕೊನೆಯ ಕನ್ನಡಕ ಹಂಚಿ ಮುಗಿಯುವವರೆಗೆ ಈ ಸಾಮಾನಿಗೆ ನಾನೇ ಜವಾಬ್ದಾರ.’

ಕಾರ್ಯದರ್ಶಿಗಳು ಹೊರಡುತ್ತಾ ಬಾಗಿಲ ಬೋರ್ಡನ್ನು ಕಳಚಿ ಅವನ ಕೈಗಿತ್ತರು.

“ಪುಣ್ಯವಂತ ಕಣಯ್ಯ ನೀನು,” ಎಂದರು. “ಕೆಲಸ ಉಳೀತು.”