ಒಂದು ಎಂಬ ಅಂಕಿಯವರಿಗೆ, ಮೊಪೆಡ್ ಕೀಲಿಯ ವಿಚಾರವಾಗಿ

ಎಣಿಕೆಗೆಲ್ಲ ಹಿರಿಯರೂ ಸೊನ್ನೆಯ ಪಕ್ಕದ ಮನೆಯವರೂ ಆದ ಮಾನ್ಯ ಒಂದು ಅವರೇ,

ಮಧುಗಿರಿ ತಾಲ್ಲೂಕು ಕೊಡಿಗೇನಹಳ್ಳಿಯ ಕದಿರಯ್ಯ ಮಾಡುವ ನಮಸ್ಕಾರಗಳು. ಎಪ್ಪತ್ತರ ಮೇಲೆ ತಾವು ಬಂದು ಸೇರಿದಷ್ಟು ವಯಸ್ಸಾದರೂ ನಾನು ಗಟ್ಟಿಮುಟ್ಟಾಗಿದ್ದೇನೆ. ತಾವೂ ಕನ್ನಡದಲ್ಲಿ ದುಂಡಗೆ, ಇಂಗ್ಲಿಷಿನಲ್ಲಿ ನೆಟ್ಟಗೆ ಕ್ಷೇಮವಾಗಿರುವಿರೆಂದು ನಂಬಿದ್ದೇನೆ.

ಕಳೆದ ತಿಂಗಳು ಮಧುಗಿರಿಯ ಕಲ್ಯಾಣ ಮಂಟಪವೊಂದರಲ್ಲಿ ಹಿರಿಯರ ನೆನಪಿನ ಶಕ್ತಿ ತಪಾಸಣೆ ನಡೆಯಿತು. ಮಗ ರಂಗೇಶ್ ನನ್ನನ್ನೂ ನನ್ನ ಹೆಂಡತಿ ರಾಜಲಕ್ಷ್ಮಮ್ಮನನ್ನೂ ಕರೆದೊಯ್ದ. ಸಕ್ಕರೆ ಪರೀಕ್ಷೆಯೂ ಉಂಟೆಂದು ಮಧ್ಯಾಹ್ನದವರೆಗೆ ಹಸಿದ ಹೊಟ್ಟೆಯಲ್ಲಿ ಕೂರಿಸಿ, ಕನ್ನಡಕ ಮನೆಯಲ್ಲೇ ಬಿಟ್ಟು ಬಂದವನಿಗೆ ಇರುವೆ ಗಾತ್ರದ ಚಿತ್ರಗಳನ್ನು ತೋರಿಸಿ, ಪಕ್ಕದ ಹಾಲಿನ ಮದುವೆಯ ವಾಲಗ ಕಿವಿಗೆ ಬಡಿಯುತ್ತಿರುವಾಗಲೇ ಐದು ಪದ ನೆನಪಿಟ್ಟುಕೊಳ್ಳಿರೆಂದರು. ನಾಲ್ಕನ್ನು ಸರಿಯಾಗಿಯೇ ಹೇಳಿದೆ. ಅಷ್ಟರಲ್ಲಿ ಒಗ್ಗರಣೆಯ ಘಮ ಬಂದದ್ದರಿಂದ ಐದನೆಯದು ಚಿತ್ರಾನ್ನ ಎಂದುಬಿಟ್ಟೆ. ಇದರಲ್ಲಿ ತಮ್ಮ ತಪ್ಪೇನೂ ಇಲ್ಲ.

ತಮ್ಮ ತಪ್ಪು ಆಮೇಲಿನದು. ಪರೀಕ್ಷೆ ಮಾಡುತ್ತಿದ್ದ ಲೋಹಿತಾ ಎಂಬ ಹುಡುಗಿ ಇಪ್ಪತ್ತರಿಂದ ಹಿಂದಕ್ಕೆ ಎಣಿಸಲು ಹೇಳಿದಳು. ತಮಗೆ ತಿಳಿದೇ ಇರುವಂತೆ, ರಾಗಿ ರಾಶಿ ಅಳೆಯುವಾಗ ನಮ್ಮ ಮನೆಯಲ್ಲಿ ತಮ್ಮ ಹೆಸರೆತ್ತುವಂತಿಲ್ಲ. ಮೊದಲನೆಯ ಸೇರು ಲಾಭ, ಆಮೇಲೆ ಎರಡು, ಮೂರು. ಒಂದು ಎಂದು ಶುರುಮಾಡಿದರೆ ಕಣಜ ತುಂಬುವುದಿಲ್ಲವೆಂದು ನಮ್ಮವ್ವ ಸೌಟಿನಲ್ಲಿ ಬಾರಿಸಿ ಕಲಿಸಿದ್ದಳು. ಎಣಿಸು ಎಂದರೆ ನನ್ನ ಬಾಯಿಗೆ ಬರುವುದು ರಾಶಿಯ ಲೆಕ್ಕವೇ. ಸರಸರನೆ ಇಳಿದು ಬಂದು ಮೂರು, ಎರಡು, ಲಾಭ ಎಂದು ಮುಗಿಸಿದೆ. ಹುಡುಗಿ, ‘ತಾತ, ಕೊನೇದು ಇನ್ನೊಂದ್ಸಲ ಹೇಳಿ’ ಎಂದಾಗ ವಾಲಗದ ಗಲಾಟೆಯಲ್ಲಿ ಕೇಳಿಸಲಿಲ್ಲವೇನೋ ಎಂದು, ‘ಲಾಭ ಕಣಮ್ಮ’ ಎಂದು ಕೂಗಿ ಹೇಳಿದೆ. ಅವಳು ಪಾಪ ಎನ್ನುವಂತೆ ನೋಡಿ ಏನೋ ಬರೆದುಕೊಂಡಳು. ಪಾಸಾಗಲು ಒಂದು ಅಂಕ ಕಡಿಮೆ ಬಿತ್ತು, ಅಂದರೆ ತಾವೇ.

ರಂಗೇಶ್ ಅವತ್ತೇ, ‘ಅಪ್ಪ ದಾರಿ ಮರ್ತು ಹಿಂದೂಪುರಕ್ಕೆ ಹೊಂಟೋದ್ರೆ ಏನ್ ಗತಿ’ ಎಂದು ಮೊಪೆಡ್ ಕೀಲಿ ಕಿತ್ತುಕೊಂಡು, ಪೂರ್ಣಾಂಕ ಗಳಿಸಿದ ತಾಯಿಯ ಕೈಗೆ ಕೊಟ್ಟ. ಸರ್ಕಲ್ಲಿನ ಹೋಟೆಲಿಗೆ ನಾನೀಗ ನಮ್ಮ ತೋಟದ ಮನೆಯಿಂದ ನಡೆದೇ ಹೋಗಬೇಕು. ತಲುಪುವಷ್ಟರಲ್ಲಿ ಗೆಳೆಯ ಶಂಕರಲಿಂಗಪ್ಪ ನನ್ನ ಕುರ್ಚಿಯಲ್ಲಿ ಕೂತು, ನನ್ನ ಪಾಲಿನ ಕಾಫಿ ಕುಡಿದು, ರಾಜಕೀಯವನ್ನೆಲ್ಲ ಬಗೆಹರಿಸಿ ಎದ್ದಿರುತ್ತಾನೆ. ಹೊಟ್ಟೆ ಉರಿಯುತ್ತದೆ, ಮಾನ್ಯರೇ.

ತಮ್ಮ ಹಿರಿಮೆಯನ್ನು ನಾನು ಅಲ್ಲಗಳೆಯುವುದಿಲ್ಲ. ತಾವಿಲ್ಲದೆ ಎರಡಿಲ್ಲ, ಶಿರಾ ಬಸ್ಸಿಗೆ ಅರ್ಧ ಟಿಕೆಟ್ಟೂ ಇಲ್ಲ. ಆದ್ದರಿಂದ ತಾವು ದೊಡ್ಡ ಮನಸ್ಸು ಮಾಡಿ, ಲಾಭ ಎಂಬುದು ತಮ್ಮದೇ ಮನೆಹೆಸರೆಂದು ಲೋಹಿತಾಳ ಎದುರು ಖುದ್ದಾಗಿ ಹಾಜರಾಗಿ ಸಾಕ್ಷಿ ನುಡಿಯಬೇಕು. ಬರಲಾಗದಿದ್ದರೆ ಇನ್ನು ಮುಂದೆ ಎಲ್ಲರ ಗಡಿಯಾರವೂ ಹನ್ನೆರಡಾದ ಮೇಲೆ ಲಾಭ ಗಂಟೆ ಹೊಡೆಯುವಂತೆ ಅಪ್ಪಣೆ ಕೊಡಿಸಬೇಕು. ಅದೂ ಆಗದಿದ್ದರೆ ಲೆಕ್ಕದಿಂದ ನಿವೃತ್ತರಾಗಿ. ಈ ವಯಸ್ಸಿನಲ್ಲಿ ತಮಗೂ ತಪಾಸಣೆ ಅಗತ್ಯವಿದ್ದೀತು.

ಇಷ್ಟಾದರೂ ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,
ಕದಿರಯ್ಯ

ಮರೆತ ಮಾತು: ಮರುಪರೀಕ್ಷೆಗೆಂದು ಹದಿನೈದು ದಿನ ತಮ್ಮ ಹೆಸರನ್ನೇ ಜಪಿಸಿದೆ. ನಿನ್ನೆ ಮಿಲ್ಲಿಗೆ ರಾಗಿ ಅಳೆಯುವಾಗ ಮೊದಲ ಸೇರಿಗೇ ‘ಒಂದು’ ಎಂದುಬಿಟ್ಟೆ. ರಾಜಲಕ್ಷ್ಮಮ್ಮ ಹೌಹಾರಿ ರಾಗಿಯನ್ನು ಮತ್ತೆ ಕಣಜಕ್ಕೆ ಸುರಿದು, ‘ನಿಮ್ಮಪ್ಪಂಗೆ ನಿಜವಾಗ್ಲೂ ಮರೆವು ಬಂದ್ಬುಟ್ಟೈತೆ ಕಣ್ಲಾ’ ಎಂದು ಮಗನನ್ನು ಕೂಗಿ, ಮೊಪೆಡ್ ಕೀಲಿಯನ್ನು ಯಾರ ಕೈಗೂ ಸಿಗದ ಕಡೆ ಬಚ್ಚಿಟ್ಟಳು. ಇವತ್ತು ಬೆಳಗಿನಿಂದ ಮೂವರೂ ಸೇರಿ ಹುಡುಕುತ್ತಿದ್ದೇವೆ. ಎಲ್ಲಿಟ್ಟೆನೆಂಬುದು ಪೂರ್ಣಾಂಕದವಳಿಗೆ ನೆನಪಿಲ್ಲ.